ಮುಂಗಡದ ಆಳು

ಕೂಲಿ ಎಂಬ ಮಾತು ನಮ್ಮದು. ಕಿಟ್ಟೆಲ್ ಪಂಡಿತರು ೧೮೯೪ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟನ್ನು ತೆರೆದರೆ ಅದಕ್ಕೆ ಸಂಬಳ, ಬಾಡಿಗೆ ಎಂಬ ಅರ್ಥ ಕಾಣುತ್ತದೆ. ತಮಿಳಿನಲ್ಲಿಯೂ ಅದೇ ಅರ್ಥ. ದುಡಿದವನ ಕೈಗೆ ಸಂಜೆ ಬೀಳತಕ್ಕ ಹಣಕ್ಕೆ ಕೂಲಿ ಎಂದು ಹೆಸರು. ದುಡಿದವನನ್ನು ಹೇಳಬೇಕಾದರೆ ಕೂಲಿಯವನು, ಕೂಲಿಯಾಳು ಎಂದು ಇನ್ನೊಂದು ಪದವನ್ನು ಸೇರಿಸುತ್ತೇವೆ. ಆದರೆ ಈ ಮಾತು ಹಡಗನ್ನೇರಿ ಇಂಗ್ಲಿಷರ ಬಾಯಿಗೆ ಬಿದ್ದಮೇಲೆ ಅರ್ಥ ಬದಲಾಯಿತು. ಅಲ್ಲಿ ಹಣ ಮಾಯವಾಗಿ ಮನುಷ್ಯನೇ ಕೂಲಿಯಾದ. ಗುಜರಾತಿನ ಕೋಳಿ ಜನಾಂಗದ ಹೆಸರೇ ಈ ಪದಕ್ಕೆ ಮೂಲವೆನ್ನುವ ವಿದ್ವಾಂಸರೂ ಇದ್ದಾರೆ, ಎರಡೂ ಬೆರೆತಿರಬಹುದು. ಮೂಲ ಯಾವುದೇ ಆಗಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಭೂಮಂಡಲವನ್ನೆಲ್ಲ ಸುತ್ತಿತು. ಚೀನೀಯರು ಅದನ್ನು ತಮ್ಮ ಲಿಪಿಯಲ್ಲಿ ಬರೆಯುವಾಗ ಆರಿಸಿಕೊಂಡ ಎರಡು ಅಕ್ಷರಗಳ ಅರ್ಥ ‘ಕಹಿಯಾದ ಬಲ’ ಎಂದು. ಆ ಪದವನ್ನು ಅವರಿಗಿಂತ ಚೆನ್ನಾಗಿ ಯಾರೂ ಅರ್ಥಮಾಡಿಕೊಳ್ಳಲಿಲ್ಲವೆಂದು ತೋರುತ್ತದೆ.

ನಮ್ಮ ಹಾಸನದ ಸೀಮೆಯ ಕಾಫಿ ತೋಟಗಳ ಕಥೆಯನ್ನು ಹೇಳಹೊರಟವನು ಚೀನದಿಂದ ಏಕೆ ಆರಂಭಿಸುತ್ತಾನೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಆಳು ಬೇಕಾದ ದೊಡ್ಡವರು ಆಳಿನ ವಿಷಯದಲ್ಲಿ ಆಡುವ ಮಾತು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯದು. ಪರದೇಶದಲ್ಲಿ ಅದನ್ನು ನೋಡಿದರೆ ನಮಗೆ ಬೇಗ ಕಾಣುತ್ತದೆ. ನಮ್ಮ ಹಿತ್ತಿಲಲ್ಲಿ ನೋಡಲು ಕಣ್ಣು ಒಗ್ಗಬೇಕು.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾನೂನು ೧೮೩೩ರಲ್ಲಿ ಆಯಿತು. ಮರುವರ್ಷವೇ ಭಾರತದ ಕೂಲಿಗಳು ಕರಾರಿನ ಮೇಲೆ ಮಾರಿಷಸ್ಸಿನ ಕಬ್ಬಿನ ಗದ್ದೆಗಳಿಗೆ ಹೋದರು. ೧೮೪೭ರಲ್ಲಿ ಮೊದಲ ಚೀನೀ ಕೂಲಿಗಳು ಸ್ಪೇನಿನವರ ಕ್ಯೂಬಾ ದ್ವೀಪದಲ್ಲಿ ಇಳಿದರು. ೧೮೭೪ರ ವರೆಗೆ ಅಲ್ಲಿಗೆ ಹೋದವರು ಒಂದೂಕಾಲು ಲಕ್ಷದಷ್ಟು. ಎಂಟು ವರ್ಷದ ಕರಾರು. ಸಕ್ಕರೆಯ ಧಣಿಗಳ ಮಾತಿನಲ್ಲಿ ಚೀನೀಯನು ಮೊದಲು ಶ್ರಮಜೀವಿ, ಮಿತಾಹಾರಿ, ವಿಧೇಯ. ಅದೇ ಮನುಷ್ಯ ಕರಾರಿನ ಮಾತಿನಂತೆ ಸಂಬಳ ಕೇಳಿದ ದಿನ ಕುಟಿಲ, ಜೂಜುಗಾರ, ಅಫೀಮುಕೋರ. ಗುಣ ಬದಲಾದದ್ದು ಆಳಿನದಲ್ಲ, ಧಣಿಯ ಅಗತ್ಯ.

ನಮ್ಮ ದೇಶಕ್ಕೂ ಚೀನೀಯರನ್ನು ತಂದ ಪ್ರಯೋಗ ನಡೆಯಿತು. ೧೮೩೯ರಲ್ಲಿ ಸ್ಥಾಪಿತವಾದ ಅಸ್ಸಾಂ ಕಂಪನಿಯವರು, ಚಹವೆಂದರೆ ಚೀನ, ಆದ್ದರಿಂದ ಚೀನೀಯನೆಂದರೆ ಚಹ ಎಂದು ಲೆಕ್ಕ ಹಾಕಿ ಪಿನಾಂಗ್ ಸಿಂಗಪುರಗಳ ಬೀದಿಗಳಲ್ಲಿ ಸಿಕ್ಕವರನ್ನೆಲ್ಲ ಹಡಗಿಗೆ ಹತ್ತಿಸಿ ತಂದರು. ಬಂದವರಲ್ಲಿ ಬಡಗಿಗಳು, ಮೋಚಿಗಳು ಮೊದಲಾದವರೇ ಹೆಚ್ಚು. ಅನೇಕರು ಚಹದ ಗಿಡವನ್ನು ಕಂಡವರೂ ಅಲ್ಲ. ದಾರಿಯಲ್ಲಿ ಬಂಗಾಳದ ಪಾಬ್ನಾ ಎಂಬಲ್ಲಿ ಊರವರಿಗೂ ಇವರಿಗೂ ಜಗಳವಾಗಿ ಹಲವರು ಸೆರೆಮನೆ ಸೇರಿದರು. ಕಂಪನಿ ಚೀನೀಯರ ಆಸೆಯನ್ನೇ ಬಿಟ್ಟಿತು. ನಮಗೆ ಇನ್ನೂ ಹತ್ತಿರದ ಉದಾಹರಣೆ ನೀಲಗಿರಿಯದು. ೧೮೬೦ರ ದಶಕದಲ್ಲಿ ಅಲ್ಲಿನ ನಡುವಟ್ಟದಲ್ಲಿ ಸರ್ಕಾರದ ಸಿಂಕೋನ ತೋಟ ಎದ್ದಾಗ, ಮಲಯದ ಕಡೆಯಿಂದ ಕಳಿಸಲ್ಪಟ್ಟ ಚೀನೀ ಕೈದಿಗಳನ್ನು ಆ ತೋಟದ ಕೆಲಸಕ್ಕೆ ಹಚ್ಚಿದರು. ಶಿಕ್ಷೆ ತೀರಿದ ಕೆಲವರು ಅಲ್ಲಿಯೇ ನಿಂತು, ತಮಿಳು ಹೆಂಗಸರನ್ನು ಮದುವೆಯಾಗಿ, ತರಕಾರಿ ಬೆಳೆದು ಹೈನು ಸಾಕಿ ಬದುಕಿದರು. ಮದರಾಸು ವಸ್ತುಸಂಗ್ರಹಾಲಯದ ಥರ್ಸ್ಟನ್ ಸಾಹೇಬರು ಆ ಸಂಸಾರಗಳನ್ನು ಕಂಡು ಬರೆದಿದ್ದಾರೆ. ಮೂಗಿನ ಅಳತೆ ತೆಗೆಯುವುದರಲ್ಲಿ ಅವರಿಗೆ ಬಲು ಆಸಕ್ತಿ.

ಮೈಸೂರಿನ ಕಾಫಿ ಸೀಮೆಗೆ ಮಾತ್ರ ಚೀನೀಯನನ್ನು ತರಬೇಕಾದ ಅವಶ್ಯಕತೆ ಬೀಳಲಿಲ್ಲ. ಅವನ ಸ್ಥಾನವನ್ನು ತುಂಬಲು ನಾವೇ ಇದ್ದೆವು.

ಮಲೆಗೂ ಬಯಲಿಗೂ ನಡುವೆ

ಹಾಸನ ಜಿಲ್ಲೆಯ ಭೂಪಟವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಪಶ್ಚಿಮದ ಅಂಚಿನಲ್ಲಿ ಘಟ್ಟದ ನೆತ್ತಿಯ ಮೇಲೆ ಹಿಂದಿನ ಬಲಂ ಸೀಮೆ. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದ ಮಂಜರಾಬಾದು ಎಂದು ಹೆಸರಾಗಿ, ಇಂದು ಸಕಲೇಶಪುರವೆನಿಸಿಕೊಂಡಿದೆ. ಅಲ್ಲಿಂದ ಇಳಿದು ಬರುವ ಹೇಮಾವತಿ ಗೊರೂರನ್ನು ದಾಟಿ ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುತ್ತದೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಬಯಲಿನವು. ರಾಗಿ, ಹುರುಳಿ, ಕೆರೆಯ ಕೆಳಗೆ ಒಂದಿಷ್ಟು ಬತ್ತ. ಅರಕಲಗೂಡಿನ ಪಶ್ಚಿಮದ ಹಳ್ಳಿಗಳು ಕೊಡಗಿನ ಗಡಿಗೆ ತಾಗಿವೆ. ಬಯಲಿನಲ್ಲಿ ರಾಗಿಯ ಕೊಯ್ಲು ಮುಗಿಯುತ್ತ ಬರುವ ಹೊತ್ತಿಗೆ ಮಲೆಯಲ್ಲಿ ಕಾಫಿ ಹಣ್ಣಾಗುತ್ತದೆ. ಬಯಲಿನ ಬಡವನಿಗೆ ಕೆಲಸವಿಲ್ಲದ ತಿಂಗಳುಗಳೂ ತೋಟಗಾರನಿಗೆ ಕೈ ಸಾಲದ ತಿಂಗಳುಗಳೂ ಹೀಗೆ ಒಂದೇ ಆದುವು. ಯುಗಾದಿಗೆ ಊರಿಗೆ ಬಂದು, ಹಬ್ಬ ಮುಗಿಸಿ, ಮುಂಗಾರಿಗೆ ನೇಗಿಲು ಹಿಡಿಯುವುದು ಆಳಿನ ಲೆಕ್ಕ. ವರ್ಷವೆಲ್ಲ ತೋಟದಲ್ಲಿಯೇ ಇರಬೇಕೆಂಬುದು ಧಣಿಯ ಲೆಕ್ಕ. ಇಡೀ ಇತಿಹಾಸವೇ ಈ ಎರಡು ಲೆಕ್ಕಗಳ ಜಗಳ.

ಮಂಜರಾಬಾದಿನಲ್ಲಿ ಗ್ರೀನ್ ಎಂಬ ಯೂರೋಪಿಯನ್ ದೊರೆ ಕಾಫಿ ತೋಟವನ್ನು ತೆರೆದದ್ದು ೧೮೪೩ರಲ್ಲಿ. ಅದೇ ವರ್ಷ ಕಂಪನಿ ಸರ್ಕಾರವು ತನ್ನ ಆಳ್ವಿಕೆಯ ಪ್ರದೇಶಗಳಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯಿಲ್ಲವೆಂದು ಐದನೆಯ ಆಕ್ಟನ್ನು ಮಾಡಿತು. ಮೈಸೂರು ಆಗ ಬ್ರಿಟಿಷ್ ಕಮಿಷನ್ನಿನ ಕೈಯಲ್ಲಿತ್ತು. ಮಾರ್ಕ್ ಕಬ್ಬನ್ ಕಮಿಷನರು. ಮನುಷ್ಯನನ್ನು ಕೊಳ್ಳುವುದು ತಪ್ಪೆಂದಾಯಿತು. ಅವನ ಬರುವ ವರ್ಷದ ದುಡಿಮೆಯನ್ನು ಈ ವರ್ಷವೇ ಕೊಂಡುಬಿಡುವುದಕ್ಕೆ ಅಡ್ಡಿಯಿರಲಿಲ್ಲ. ಅದಕ್ಕೆ ಮುಂಗಡವೆಂದು ಹೆಸರು.

ಮುಂಗಡವನ್ನು ದೊರೆ ತಾನಾಗಿ ಆಳಿನ ಕೈಗೆ ಕೊಡುವುದಿಲ್ಲ. ನಡುವೆ ಮೇಸ್ತ್ರಿಯಿದ್ದಾನೆ. ಈ ಮಾತೂ ಸಮುದ್ರ ದಾಟಿ ಬಂದದ್ದೇ. ಪೋರ್ಚುಗೀಸರ ‘ಮೆಸ್ತ್ರೆ’ ನಮ್ಮ ಮೇಸ್ತ್ರಿಯಾದ. ತೋಟದಿಂದ ಹಣ ತಂದು, ತನ್ನ ಊರಲ್ಲಿಯೋ ನೆಂಟರ ಊರಲ್ಲಿಯೋ ಮದುವೆಗೆ, ತಿಥಿಗೆ, ಸತ್ತ ಎತ್ತಿನ ಬದಲಿಗೆ ದುಡ್ಡು ಬೇಕಾದವರನ್ನು ಹುಡುಕಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಗುಂಪು ಕಟ್ಟಿ ಘಟ್ಟಕ್ಕೆ ನಡೆಸಿಕೊಂಡು ಹೋಗುವವನು ಅವನು. ಆಳಿನ ತಲೆಗೆ ಇಷ್ಟೆಂದು ಅವನಿಗೆ ಕಮಿಷನ್ನು. ಆಳು ಓಡಿಹೋದರೆ ಸಾಲ ಅವನ ಕುತ್ತಿಗೆಗೆ. ಆದ್ದರಿಂದ ಮೇಸ್ತ್ರಿ ನೆಂಟನೂ ಹೌದು, ಕಾವಲುಗಾರನೂ ಹೌದು. ಸಾಲವೆಂದರೆ ಶೂಲ ಎನ್ನುವ ನಮ್ಮ ಗಾದೆಯನ್ನು ಅರಿತಿದ್ದೂ ಜನ ಆ ಹಣವನ್ನು ಮುಟ್ಟಿದರು. ಹಸಿವಿನ ಎದುರಿನಲ್ಲಿ ಗಾದೆಗೆ ಬಲ ಕಡಮೆ.

ಕಾನೂನು ಯಾರ ಕಡೆ?

ಆಳು ಮುಂಗಡ ಪಡೆದು ಕೆಲಸಕ್ಕೆ ಬಾರದೆ ಹೋದರೆ ಅದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ. ಸಾಲಗಾರನು ಸಾಲ ತೀರಿಸದಿದ್ದರೆ ಏನು ಮಾಡುತ್ತೇವೆಯೋ ಅದು. ಆದರೆ ೧೮೫೯ರ ಹದಿಮೂರನೆಯ ಆಕ್ಟು ಇದನ್ನು ಬದಲಾಯಿಸಿತು. ಕಲ್ಕತ್ತೆಯ ಯೂರೋಪಿಯನ್ ವ್ಯಾಪಾರಸ್ಥರು ತಮ್ಮ ಕುಶಲಕರ್ಮಿಗಳ ಮೇಲೆ ತಂದ ದೂರಿನಿಂದ ಹುಟ್ಟಿದ ಕಾನೂನು ಇದು. ಮುಂಗಡ ಪಡೆದ ಕೆಲಸಗಾರ ಮಾತಿಗೆ ತಪ್ಪಿದನೆಂದು ಧಣಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಟ್ಟರೆ, ಹಣ ಹಿಂದಿರುಗಿಸು, ಇಲ್ಲವೆ ಕೆಲಸ ಮಾಡು ಎಂದು ಆಜ್ಞೆಯಾಗುತ್ತಿತ್ತು. ಅದಕ್ಕೂ ತಪ್ಪಿದರೆ ಮೂರು ತಿಂಗಳವರೆಗೆ ಸಶ್ರಮ ಸಜೆ. ಮೊದಲು ಮೂರು ರಾಜಧಾನಿ ಪಟ್ಟಣಗಳಿಗೆಂದು ಮಾಡಿದ ಈ ಆಕ್ಟನ್ನು ಬರಬರುತ್ತ ತೋಟದ ಸೀಮೆಗಳಿಗೆಲ್ಲ ವಿಸ್ತರಿಸಿದರು. ಕೊಡಗಿನಲ್ಲಿಯೂ ಮೈಸೂರಿನಲ್ಲಿಯೂ ಅದು ಜಾರಿಗೆ ಬಂದಿತು.

ಈ ಕಾನೂನಿನಲ್ಲಿ ಒಂದು ವಿಶೇಷವಿದೆ. ಕರಾರಿಗೆ ಎರಡು ಕಡೆ ಇರುತ್ತವೆ. ಆಳು ತಪ್ಪಿದರೆ ಜೈಲು. ಧಣಿ ಸಂಬಳವನ್ನು ತಡಮಾಡಿದರೆ, ತೂಕದಲ್ಲಿ ಮುರಿದುಕೊಂಡರೆ, ಜ್ವರದಲ್ಲಿ ಮಲಗಿದ ದಿನಗಳನ್ನು ಕಳೆದು ಲೆಕ್ಕ ಬರೆದರೆ? ಅದಕ್ಕೆ ಈ ಆಕ್ಟಿನಲ್ಲಿ ಸಜೆಯಿಲ್ಲ. ಆ ಕಾಲದ ಸುಶಿಕ್ಷಿತರು, ನ್ಯಾಯವೆಂದರೆ ಇಂಗ್ಲಿಷರಿಂದಲೇ ಕಲಿಯಬೇಕೆಂದು ನಂಬಿದ್ದವರು, ಈ ತಕ್ಕಡಿಯ ಒಂದೇ ತಟ್ಟೆಯನ್ನು ಕಂಡು ಬೆರಗಾಗಲಿಲ್ಲ.

ದೊರೆಗಳ ಮನೋಧರ್ಮವನ್ನು ಅರಿಯಲು ನಮಗೆ ಒಳ್ಳೆಯ ಸಾಕ್ಷಿಯೊಬ್ಬನಿದ್ದಾನೆ. ರಾಬರ್ಟ್ ಎಲಿಯಟ್ ೧೮೫೫ರಲ್ಲಿ ಭಾರತಕ್ಕೆ ಬಂದು ಮಂಜರಾಬಾದಿನಲ್ಲಿ ತೋಟ ಮಾಡಿದವನು. ೧೮೭೧ರಲ್ಲಿ ಒಂದು, ೧೮೯೪ರಲ್ಲಿ ಒಂದು, ಹೀಗೆ ಮೈಸೂರಿನ ತೋಟಗಾರಿಕೆಯ ಮೇಲೆ ಎರಡು ಪುಸ್ತಕಗಳನ್ನು ಬರೆದ. ಬುದ್ಧಿವಂತ, ನಮ್ಮ ಹಳ್ಳಿಯ ಗೌಡರೊಡನೆ ಸ್ನೇಹದಿಂದ ಇದ್ದವನು, ಮಿಷನರಿಗಳ ಆತುರವನ್ನು ಟೀಕಿಸಿದವನು. ಜಾತಿಪದ್ಧತಿಯಿಂದ ಹಳ್ಳಿಗರ ನಡತೆಗೆ ಒಳ್ಳೆಯದೇ ಆಗಿದೆಯೆಂದು ಅವನು ದೀರ್ಘವಾಗಿ ವಾದಿಸಿದ್ದಾನೆ. ಆಳುಗಳನ್ನು ಕುರಿತ ಅವನ ಮಾತಿನಲ್ಲಿ ಕ್ರೌರ್ಯವಿಲ್ಲ. ಆದರೆ ಅವನ ಪುಸ್ತಕದಲ್ಲಿ ನೆರಳಿನ ಮರ, ಗೊಬ್ಬರ, ಆಳು ಇವು ಮೂರೂ ಒಂದೇ ಸಾಲಿನಲ್ಲಿ ನಿಲ್ಲುವ ವಿಷಯಗಳು. ಯಾವುದು ಎಷ್ಟು ಬೇಕು, ಎಲ್ಲಿಂದ ತರಬೇಕು, ಎಷ್ಟು ಖರ್ಚು ಎಂಬುದು ಪ್ರಶ್ನೆ. ಒಳ್ಳೆಯ ಧಣಿಯ ಕಣ್ಣಿಗೂ ಆಳು ಒಂದು ಸಾಮಗ್ರಿಯಾಗಿ ಕಾಣುತ್ತಾನೆ ಎಂಬುದನ್ನು ತೋರಿಸಲು ಕೆಟ್ಟ ಧಣಿಯ ಉದಾಹರಣೆಗಿಂತ ಇದು ಹೆಚ್ಚು ಉಪಯುಕ್ತ.

ನಮ್ಮವರ ಮಾತು

ಬಿಳಿಯರನ್ನು ದೂರಿ ಸುಮ್ಮನಾಗುವುದು ಸುಲಭ. ಅದರಿಂದ ಇತಿಹಾಸ ಅರ್ಧವಾಗುತ್ತದೆ. ನಮ್ಮ ಊರುಗಳ ಪಟೇಲರು, ಶಾನುಭೋಗರು, ಜಮೀನುದಾರ ಗೌಡರು ಆಳನ್ನು ಹೇಗೆ ಕಂಡರು?

ಮುಂಗಡದ ಪದ್ಧತಿಯನ್ನು ದೊರೆಗಳು ಹೊಸದಾಗಿ ಕಂಡುಹಿಡಿಯಲಿಲ್ಲ. ಅದು ನಮ್ಮ ಹಳ್ಳಿಗಳಲ್ಲಿ ಜೀತವೆಂಬ ಹೆಸರಿನಲ್ಲಿ ಮೊದಲೇ ಇತ್ತು. ಈ ಜೀತವೆಂಬ ಪದದ ಪತನವೂ ಕೂಲಿಯ ಪತನದಂತೆಯೇ. ಹಳಗನ್ನಡದಲ್ಲಿ ಜೀತವೆಂದರೆ ಸಂಬಳ, ಜೀವನೋಪಾಯ. ವೀರಭಟನೂ ಅರಸನಿಂದ ಜೀತವನ್ನು ಪಡೆಯುತ್ತಿದ್ದ, ಅದರಲ್ಲಿ ಅವಮಾನವಿರಲಿಲ್ಲ. ಹೊಸಗನ್ನಡಕ್ಕೆ ಬರುವ ವೇಳೆಗೆ ಅದು ಸಾಲಕ್ಕೆ ಕಟ್ಟುಬಿದ್ದ ದುಡಿಮೆಯಾಯಿತು. ದಕ್ಷಿಣ ಮೈಸೂರಿನ ಹಳ್ಳಿಗಳಲ್ಲಿ ‘ಹಳೆಮಗ’ ಎಂಬ ಇನ್ನೊಂದು ಮಾತುಂಟು. ಅಸ್ಪೃಶ್ಯರೆನಿಸಿದ ಕುಟುಂಬವೊಂದು ಒಕ್ಕಲಿನ ಮನೆಯೊಂದಕ್ಕೆ ತಲೆತಲಾಂತರದಿಂದ ಸೇವೆ ಮಾಡುವ ಸಂಬಂಧ ಅದು. ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನಿಂತು ಅಭ್ಯಾಸ ಮಾಡಿದಾಗಲೂ ಇವೆರಡನ್ನೂ ಜೀವಂತವಾಗಿ ಕಂಡರು. ಮಗನೆಂದು ಕರೆಯುವುದೇನೋ ಉಂಟು. ಮಗನಿಗೆ ಜಗಲಿಯ ಮೇಲೆ ಸ್ಥಾನವಿಲ್ಲ.

ಹೀಗಿರಲು ಘಟ್ಟದ ಮೇಸ್ತ್ರಿ ಊರಿಗೆ ಬಂದಾಗ ನಡೆದದ್ದು ವಿಚಿತ್ರ. ಗೌಡನ ಸಾಲವನ್ನು ಮೇಸ್ತ್ರಿಯ ಮುಂಗಡದಿಂದ ತೀರಿಸಿ ಆಳು ಘಟ್ಟಕ್ಕೆ ನಡೆದ. ಸಾಲ ಅಷ್ಟೇ ಉಳಿಯಿತು, ಧಣಿ ಬದಲಾದ. ಆದರೂ ಇದರಲ್ಲಿ ಸ್ವಲ್ಪ ಬಿಡುಗಡೆಯುಂಟು: ಅಲ್ಲಿ ಕೂಲಿ ಹಣದ ರೂಪದಲ್ಲಿ ದೊರೆಯುತ್ತಿತ್ತು, ಲೈನಿನ ಮನೆಗಳಲ್ಲಿ ಊರ ಮುಖಂಡನ ಕಣ್ಣಿರಲಿಲ್ಲ. ಹಾಗಾಗಿ ಬಯಲಿನ ದೊಡ್ಡವರಿಗೆ ಕಾಫಿ ತೋಟವೆಂದರೆ ಆಳನ್ನು ಕೆಡಿಸುವ ಸ್ಥಳ. ಘಟ್ಟಕ್ಕೆ ಹೋಗಿಬಂದವನು ಮೈಮುರಿಯ, ಎದುರುತ್ತರದವನು, ನಂಬಿಕೆಗೆಟ್ಟವನು. ಇತ್ತ ತೋಟದ ದೊರೆಗೂ ಅವನು ನಂಬಿಕೆಗೆಟ್ಟವನೇ, ಯುಗಾದಿಗೆ ಹೋದವನು ಮರಳಿ ಬರಲಿಲ್ಲವೆಂದು. ಒಬ್ಬರ ಮುಖ ಇನ್ನೊಬ್ಬರಿಗೆ ಆಗದ ಇಬ್ಬರು ಧಣಿಗಳು ಆಳಿನ ದುರ್ಗುಣದ ವಿಷಯದಲ್ಲಿ ಮಾತ್ರ ಒಮ್ಮತದಿಂದ ಇದ್ದರು.

ಇದೇ ಜನಕ್ಕೆ ಊರಿನಲ್ಲಿ ಇನ್ನೊಂದು ಸ್ಥಾನವಿತ್ತೆಂಬುದನ್ನು ಮರೆಯಬಾರದು. ಮೈಸೂರು ಕಮಿಷನ್ನಿನ ಅಧಿಕಾರಿ ಕ್ಯಾಪ್ಟನ್ ಮ್ಯಾಕೆಂಜಿ ೧೮೭೩ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕುಳವಾಡಿಯ ವಿಷಯ ಬರೆದಿದ್ದಾನೆ. ಊರ ಗಡಿಯ ವ್ಯಾಜ್ಯ ಬಂದರೆ ಅಸ್ಪೃಶ್ಯನೆನಿಸಿದ ಈ ಕುಳವಾಡಿಯ ಮಾತೇ ಪ್ರಮಾಣ. ಅವನು ನಡೆದದ್ದೇ ಗಡಿ. ನೆಲದ ಮೇರೆಯನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವನಿಗೆ ಆ ಮೇರೆಯೊಳಗೆ ನೆಲವಿಲ್ಲ. ನೆಲವಿಲ್ಲದ್ದರಿಂದಲೇ ಅವನ ಮಕ್ಕಳು ಮುಂಗಡಕ್ಕೆ ಕೈಯೊಡ್ಡಿದರು.

ಮೂರು ವರ್ಷ ಕಳೆಯುವಷ್ಟರಲ್ಲಿ ಧಾತು ಈಶ್ವರ ಸಂವತ್ಸರಗಳ ಬರ ಬಂದಿತು. ೧೮೭೧ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ೫೦,೫೫,೪೧೨, ೧೮೮೧ರಲ್ಲಿ ೪೧,೮೬,೧೮೮. ಎಂಟೂವರೆ ಲಕ್ಷಕ್ಕೂ ಮಿಕ್ಕ ಇಳಿತ. ಈ ಕಾಲದಲ್ಲಿಯೇ ಮದರಾಸಿನಲ್ಲಿ ಸರ್ ರಿಚರ್ಡ್ ಟೆಂಪಲ್ ದೊಡ್ಡದೊಂದು ಪ್ರಶ್ನೆಯನ್ನೆತ್ತಿದ: ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಸಾಲದೆ? ಸಾಲದೆಂದು ವೈದ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದರು. ಹೊಟ್ಟೆ ತುಂಬಿದವರು ಹಸಿದವನ ಹೊಟ್ಟೆಯ ಅಳತೆಯನ್ನು ಕಾಗದದ ಮೇಲೆ ಚರ್ಚಿಸಿದ ಆ ಪತ್ರವ್ಯವಹಾರವನ್ನು ಓದುವಾಗ ಮನಸ್ಸು ಮಂಕಾಗುತ್ತದೆ. ಬರದ ಮೊದಲ ಏಟು ತಗಲಿದ್ದು ನೆಲವಿಲ್ಲದ ಕೂಲಿಗೆ. ಕೆರೆ ಬತ್ತಿದ ಊರುಗಳಿಂದ ಹೊರಟವರಿಗೆ ದಾರಿ ಯಾವುದಾದರೂ ಒಂದೇ; ಅನ್ನವಿರುವ ಕಡೆಗೆ.

೧೮೮೧ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಬಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ೧೪೪ ಮಂದಿ ಸದಸ್ಯರು. ದೇಶೀಯ ಸಂಸ್ಥಾನಗಳಲ್ಲಿ ಅಂಥದು ಮೊದಲನೆಯದು, ನಾವು ಹೆಮ್ಮೆಪಡತಕ್ಕದ್ದು. ತಾಲ್ಲೂಕಿಗೆ ಇಬ್ಬರಂತೆ ದೊಡ್ಡ ರೈತರು, ಜಿಲ್ಲೆಯ ಕೆಲವು ವರ್ತಕರು. ಮುಂದೆ ತೋಟಗಾರರ ಪರವಾಗಿ ಎಲಿಯಟ್‌ನೂ ಅಲ್ಲಿ ಕುಳಿತ. ಕಂದಾಯ, ಕಾಡು, ರಸ್ತೆಗಳ ಮಾತು ಅಲ್ಲಿ ನಡೆಯಿತು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹೋದವರಲ್ಲಿ ಆಳು ಬೇಕಾದವರಿದ್ದರು, ಆಳಿನವರಿರಲಿಲ್ಲ. ದಕ್ಷಿಣ ಭಾರತದ ತೋಟಗಾರರೆಲ್ಲ ೧೮೯೩ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಯುಕ್ತ ಸಂಘವನ್ನು ಕಟ್ಟಿಕೊಂಡರು. ಧಣಿಗಳ ಮಾತು ಹೀಗೆ ಒಂದೇ ಧ್ವನಿಯಾಯಿತು.

ಇಲ್ಲಿ ಚೀನಕ್ಕೆ ಮತ್ತೆ ಹೋಗಬೇಕು. ಕ್ಯೂಬಾದ ಕೂಲಿಗಳ ಗೋಳು ಪೀಕಿಂಗಿಗೆ ಮುಟ್ಟಿದಾಗ, ಚೀನದ ಸರ್ಕಾರ ಚೆನ್ ಲಾನ್‌ಪಿನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಒಂದು ಆಯೋಗವನ್ನು ಕಳಿಸಿತು. ಅದು ೧೮೭೪ರಲ್ಲಿ ತೋಟ ತೋಟಕ್ಕೆ ಹೋಗಿ ೧,೧೭೬ ಕೂಲಿಗಳ ಹೇಳಿಕೆಗಳನ್ನು ಬರೆದುಕೊಂಡಿತು. ೧,೬೬೫ ಮಂದಿ ರುಜು ಹಾಕಿದ ೮೫ ಅರ್ಜಿಗಳು ಬಂದುವು. ಕ್ಯೂಬಾದ ಕೂಲಿ ವ್ಯಾಪಾರ ಅದರೊಂದಿಗೆ ಮುಗಿಯಿತು. ಆಳನ್ನೇ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಆ ಶತಮಾನದಲ್ಲಿ ನಮ್ಮ ಘಟ್ಟದ ಲೈನುಗಳಿಗೆ ಅಂಥವರಾರೂ ಕಾಗದ ಲೇಖನಿ ಹಿಡಿದು ಬರಲಿಲ್ಲ.

ನಮ್ಮ ನಾಯಕರಿಗೆ ಈ ವಿಷಯ ತಿಳಿಯದೆ ಇರಲಿಲ್ಲ. ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ ೧೯೦೪ರಿಂದ ಅರವತ್ತು ಸಾವಿರಕ್ಕೂ ಹೆಚ್ಚು ಚೀನೀಯರನ್ನು ತಂದಾಗ ಇಂಗ್ಲೆಂಡಿನಲ್ಲಿಯೇ ಕೋಲಾಹಲವೆದ್ದು, ೧೯೦೬ರ ಚುನಾವಣೆಯಲ್ಲಿ ‘ಚೀನೀ ಗುಲಾಮಗಿರಿ’ ಒಂದು ಘೋಷಣೆಯಾಯಿತು. ೧೯೧೨ರಲ್ಲಿ ಗೋಖಲೆಯವರು ಸಾಗರದಾಚೆಯ ಕರಾರಿನ ಕೂಲಿಯನ್ನು ನಿಲ್ಲಿಸಬೇಕೆಂದು ಕೇಂದ್ರ ಶಾಸನಸಭೆಯಲ್ಲಿ ನಿರ್ಣಯ ತಂದರು, ಅದು ಸೋತಿತು. ೧೯೧೬ರಲ್ಲಿ ಮಾಳವೀಯರು ತಂದದ್ದು ಗೆದ್ದಿತು. ಮರುವರ್ಷ ಕೂಲಿಗಳ ರವಾನೆ ನಿಂತಿತು. ಇದು ಭಾರತೀಯರ ಆತ್ಮಗೌರವದ ದೊಡ್ಡ ಗೆಲುವು. ಆದರೆ ಫಿಜಿಯ ಕೂಲಿಗಾಗಿ ಮರುಗಿದ ವಿದ್ಯಾವಂತರು ತಮ್ಮ ಕೊಟ್ಟಿಗೆಯ ಜೀತಗಾರನನ್ನು ಕುರಿತು ಅಷ್ಟು ಮರುಗಲಿಲ್ಲ. ೧೮೫೯ರ ಆಕ್ಟು ಬ್ರಿಟಿಷ್ ಇಂಡಿಯಾದಲ್ಲಿ ೧೯೨೬ರ ವರೆಗೂ ಉಸಿರಾಡಿತು. ಕೊಡಗಿನಲ್ಲಿ ಅದರ ಬದಲಿಗೆ ಇನ್ನೊಂದನ್ನು ಮಾಡಿ ಮತ್ತೂ ಕೆಲವು ವರ್ಷ ನಡೆಸಿದರು. ತೋಟದ ಕಾರ್ಮಿಕರ ಕಾನೂನು ೧೯೫೧ರಲ್ಲಿ ಬಂದಿತು. ಜೀತವನ್ನು ರದ್ದುಪಡಿಸುವ ಕಾನೂನು ೧೯೭೬ರಲ್ಲಿ. ಗುಲಾಮಗಿರಿಯ ಆಕ್ಟಿಗೂ ಇದಕ್ಕೂ ನಡುವೆ ೧೩೩ ವರ್ಷ.

ಕನ್ನಡ ಸಾಹಿತ್ಯ ಈ ಲೆಕ್ಕವನ್ನು ಕಾನೂನಿಗಿಂತ ಮೊದಲು ಬರೆದುಕೊಂಡಿತು. ಕಾರಂತರ ‘ಚೋಮನ ದುಡಿ’ ೧೯೩೩ರದು. ಅಲ್ಲಿ ಚೋಮನ ಮಕ್ಕಳು ಘಟ್ಟ ಹತ್ತುವುದು ಕಾಫಿ ತೋಟದ ಸಾಲ ತೀರಿಸುವುದಕ್ಕೆ. ಆ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಹೇಳುವಾಗ ಒಮ್ಮೆ ನಾನು, ನಿಮ್ಮ ಮನೆಗಳಲ್ಲಿ ಘಟ್ಟಕ್ಕೆ ಹೋದವರಿದ್ದರೆ ಹೇಳಿ ಎಂದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಪಾಠ ಮುಗಿದಮೇಲೆ ಅರಕಲಗೂಡಿನ ಕಡೆಯ ಹುಡುಗನೊಬ್ಬ ಹೊರಗೆ ಕಾದಿದ್ದು, ತಮ್ಮ ಅಜ್ಜಿ ಹುಟ್ಟಿದ್ದೇ ಲೈನಿನಲ್ಲಿ ಎಂದು ಮೆಲ್ಲಗೆ ಹೇಳಿ ಹೊರಟುಹೋದ. ದುಡಿದದ್ದನ್ನು ಹೇಳಿಕೊಳ್ಳಲು ದುಡಿದವರ ಮೊಮ್ಮಗ ನಾಚಬೇಕಾದರೆ, ದೊಡ್ಡವರ ಮಾತು ಎಷ್ಟು ಆಳಕ್ಕೆ ಇಳಿದಿರಬೇಕು!

ಈಗ ಬಯಲಿನ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ. ಸಕಲೇಶಪುರದ, ಕೊಡಗಿನ ಕಾಫಿ ಕೊಯ್ಲಿಗೆ ಅಸ್ಸಾಂ ಬಂಗಾಳಗಳಿಂದ ರೈಲುಗಳಲ್ಲಿ ಆಳುಗಳು ಬರುತ್ತಿದ್ದಾರೆ. ಯಾವ ಅಸ್ಸಾಮಿಗೆ ಒಮ್ಮೆ ಚೀನೀಯರನ್ನು ತಂದರೋ ಆ ಅಸ್ಸಾಮಿನಿಂದ. ಅವರನ್ನು ಕರೆತರುವ ಮಧ್ಯಸ್ಥನೂ ಇದ್ದಾನೆ, ಮುಂಗಡವೂ ಇದೆ. ಸಕಲೇಶಪುರದ ಬಸ್ಸಿನಲ್ಲಿ ಕುಳಿತರೆ ಅವರ ವಿಷಯದ ಮಾತು ಕಿವಿಗೆ ಬೀಳುತ್ತದೆ. ಒಳ್ಳೆಯ ಕೆಲಸಗಾರರು, ಆದರೆ ನಂಬುವ ಹಾಗಿಲ್ಲ; ದುಡ್ಡು ತೆಗೆದುಕೊಂಡು ಓಡಿಹೋಗುತ್ತಾರೆ; ಇವರಿಂದ ಊರು ಕೆಡುತ್ತಿದೆ. ಆಡುವವರಲ್ಲಿ ಅನೇಕರ ತಾತಂದಿರು ಘಟ್ಟಕ್ಕೆ ನಡೆದು ಹೋದವರೇ ಇರಬಹುದು. ಆ ಬಸ್ಸಿನ ಹಿಂದಿನ ಸೀಟಿನಲ್ಲಿ, ಕನ್ನಡ ಬಾರದ್ದರಿಂದ ಇದೊಂದೂ ತಿಳಿಯದೆ, ಕಿಟಕಿಯಾಚೆ ಕಾಫಿಯ ಹೂವನ್ನು ನೋಡುತ್ತ ಕುಳಿತವನ ಹೆಸರೇನೆಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.